ಅಟ್ಟದ ಕೊಬ್ಬರಿ, ಆಳದ ಶಾರ್ಕ್

ತಿಪಟೂರು ಬಿಟ್ಟು ತುರುವೇಕೆರೆ ದಾರಿ ಹಿಡಿದರೆ ಬಸ್ಸಿನ ಎರಡೂ ಕಿಟಕಿಗಳಲ್ಲಿ ತೆಂಗು, ಮತ್ತೆ ತೆಂಗು. ನಮ್ಮ ಅತ್ತಿಗೆಯ ಊರು ಅಲ್ಲೇ ಒಳಗೆ. ಅವರ ಮನೆಯ ಅಟ್ಟದ ತುಂಬಾ ಸಿಪ್ಪೆಸಮೇತ ಕಾಯಿ. ಹತ್ತು-ಹನ್ನೊಂದು ತಿಂಗಳು ಹಾಗೇ ಮಲಗಿದ್ದು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಆಮೇಲೇ ಸುಲಿಯುವುದು. ಕೈಯಲ್ಲಿ ಕಾಸಿಲ್ಲವೆಂದು ಅವಸರಪಟ್ಟರೆ ತಿಪಟೂರು ಮಾರುಕಟ್ಟೆಯ ಆ ಉಂಡೆ ಕೊಬ್ಬರಿ ಆಗುವುದೇ ಇಲ್ಲ.

ಹೋದ ಚಳಿಗಾಲ ಅತ್ತಿಗೆಯ ಹಿಮ್ಮಡಿ ಒಡೆದಿತ್ತು. ನಾನು ಬೆಂಗಳೂರಿನಿಂದ ಒಯ್ದ ಕ್ರೀಮು ಕೊಟ್ಟೆ. ಅವರೋ, ಕನ್ನಡಕ ಏರಿಸಿ ಅಕ್ಷರ ಅಕ್ಷರ ಓದುವವರು!

“ಸ್ಕ್ವಾಲೀನ್ ಅಂದ್ರೆ ಏನಮ್ಮಾ?”

ನನಗೆ ಗೊತ್ತಿದ್ದಷ್ಟು ಹೇಳಿದೆ. ಅದೊಂದು ನುಣುಪಾದ ಎಣ್ಣೆ. ಆಲಿವ್, ಕಬ್ಬಿನಿಂದಲೂ ತಯಾರಿಸುತ್ತಾರೆ. ಆಳಸಮುದ್ರದ ಶಾರ್ಕ್‌ಗಳ ಯಕೃತ್ತಿನಿಂದಲೂ ತೆಗೆಯುತ್ತಾರೆ. ಬೇರೆ ಮೀನುಗಳಿಗಿರುವ ಗಾಳಿಚೀಲ ಶಾರ್ಕಿಗಿಲ್ಲ. ನೀರಿನಲ್ಲಿ ಮುಳುಗಿಹೋಗದಂತೆ ಕಾಯುವುದು ಯಕೃತ್ತಿನ ಆ ಎಣ್ಣೆಯೇ. ಗಲ್ಪರ್ ಶಾರ್ಕ್ ಎಂಬ ಹಸಿರುಗಣ್ಣಿನ ಜಾತಿಗೆ ಅದೇ ಮುಳುವಾಯಿತು. ಮಾಲ್ಡೀವ್ಸ್‌ನಲ್ಲಿ 1980ರಲ್ಲಿ ಇದರ ಬೇಟೆ ಶುರುವಾಗಿ, ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಹಿಡಿಯಲು ಮೀನೇ ಇಲ್ಲದಂತಾಯಿತು. 2010ರಲ್ಲಿ ಅಲ್ಲಿ ಶಾರ್ಕ್ ಬೇಟೆಯನ್ನೇ ನಿಷೇಧಿಸಿದರು. ನಮ್ಮ ಕೊಚ್ಚಿಯ ಕಡೆಯ ದೋಣಿಗಳೂ ಈ ಶಾರ್ಕ್‌ಗಳನ್ನು ತಂದಿವೆ.

“ಮತ್ತೆ ಮರಿ ಹಾಕೋಲ್ವೇ?”

ಹಾಕುತ್ತದೆ, ಆದರೆ ಎಷ್ಟು ನಿಧಾನ! ಹೊಟ್ಟೆಯಲ್ಲಿ ಎರಡು ವರ್ಷವೋ ಇನ್ನೂ ಹೆಚ್ಚೋ ಹೊತ್ತು, ಬಹುಪಾಲು ಒಂದೇ ಮರಿ. ಅತ್ತಿಗೆ ಕೆನ್ನೆ ಮೇಲೆ ಕೈಯಿಟ್ಟರು. “ಒಂಬತ್ತು ತಿಂಗಳಿಗೇ ನಮಗೆ ಸಾಕಾಗೋಗತ್ತೆ!”

ಆಳದ ಶಾರ್ಕ್, ತೊರಕೆಗಳಲ್ಲಿ ಏಳರಲ್ಲೊಂದು ಜಾತಿ ಅಳಿವಿನಂಚಿನಲ್ಲಿದೆಯೆಂದು 2024ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. 2025ರ ಕೊನೆಗೆ ಸಮರ್‌ಖಂಡದಲ್ಲಿ ಸೇರಿದ ಸೈಟಿಸ್ ಸಭೆ ಗಲ್ಪರ್ ಶಾರ್ಕ್‌ಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕಿದೆ. ತಡವಾಯಿತೆಂದೇ ನನ್ನ ಅನಿಸಿಕೆ.

ಮೇಲಿನ ನೀರಲ್ಲಿ ಮೀನು ಕಡಿಮೆಯಾದಂತೆ ಬಲೆ ಆಳಕ್ಕಿಳಿಯಿತು ಎಂದಾಗ ಅತ್ತಿಗೆ ಹಿತ್ತಲ ಕಡೆ ನೋಡಿದರು. ಅಲ್ಲಿ ಅವರ ಅತ್ತೆಯ ಕಾಲದ ಬಾವಿ, ಒಳಗೆ ಮುಳ್ಳುಕಂಟಿ ಬೆಳೆದಿದೆ.

“ಬಾವಿ ಬತ್ತಿತು ಅಂತ ಬೋರು ಹಾಕ್ಸಿದ್ವಿ. ಅದೂ ಬತ್ತಿತು ಅಂತ ಇನ್ನೂ ಆಳ ಕೊರ್ಸಿದ್ವಿ. ಸಮುದ್ರದಲ್ಲೂ ನಮ್ಮ ಮನೆ ಕಥೇನೇ ಅನ್ನು.”

ಕ್ರೀಮಿನ ಕೊಳವೆಯನ್ನು ಹಿಂದೆಮುಂದೆ ತಿರುವಿ ನೋಡಿದೆವು. ಸ್ಕ್ವಾಲೀನ್ ಎಲ್ಲಿಂದ ತೆಗೆದದ್ದೆಂದು ಬರೆದಿರಲಿಲ್ಲ. ಆ ರಾತ್ರಿ ಇಬ್ಬರೂ ಬಿಸಿನೀರಲ್ಲಿ ಕಾಲು ತೊಳೆದು, ಗಾಣದ ಕೊಬ್ಬರಿ ಎಣ್ಣೆಯನ್ನೇ ಹಚ್ಚಿಕೊಂಡು ಮಲಗಿದೆವು. ಊರಿಗೆ ಬಂದವಳೇ ಆ ಕಂಪನಿಗೆ ಎರಡು ಸಾಲು ಬರೆದು ಹಾಕಿದ್ದೇನೆ: ನಿಮ್ಮದು ಗಿಡದ್ದೋ, ಶಾರ್ಕಿನದ್ದೋ?