ಎರಡು ಗೇಣು ಹಿಂದೆ

ಮೈಕ್ ಕೈಗೆ ಸಿಕ್ಕ ಕೂಡಲೇ ಅದರ ಮುಖಕ್ಕೆ ಉಫ್ ಅಂತ ಊದುವುದು, ಆಮೇಲೆ ಬೆರಳಲ್ಲಿ ಎರಡು ಸಲ ತಟ್ಟುವುದು ನಮ್ಮಲ್ಲಿ ಗಣೇಶನ ಪೆಂಡಾಲಿನಿಂದ ರಾಜ್ಯೋತ್ಸವದ ವೇದಿಕೆಯವರೆಗೂ ನಡೆದುಬಂದಿರುವ ಪದ್ಧತಿ. 1985ರಲ್ಲಿ ಬೆಂಗಳೂರಿನ ಒಂದು ಕ್ಯಾಸೆಟ್ ಸ್ಟುಡಿಯೊಗೆ ಸಹಾಯಕನಾಗಿ ಸೇರಿದ ಮೂರನೆಯ ದಿನ ನಾನೂ ಅದನ್ನೇ ಮಾಡಿದೆ. ಊದಿ ಮುಗಿಸುವಷ್ಟರಲ್ಲಿ ಬೆನ್ನಿಗೊಂದು ಏಟು ಬಿತ್ತು. "ಎಂಜಲು ಹಾರಿಸ್ತೀಯೇನೋ ಅದರ ಮೇಲೆ? ನಿನ್ನ ಎರಡು ವರ್ಷದ ಸಂಬಳ ಕಣೋ ಅದು" ಅಂದರು ಯಜಮಾನರು. ರಾತ್ರಿ ಕೂತು ಲೆಕ್ಕ ಹಾಕಿದೆ. ಎರಡಲ್ಲ, ಮೂರು ವರ್ಷದ್ದು.

ಅದು ಜರ್ಮನಿಯ ನಾಯ್ಮನ್ ಕಂಪನಿಯ ಯು87. 1967ರಲ್ಲಿ ಮಾರುಕಟ್ಟೆಗೆ ಬಂದ ಮಾಡೆಲ್. ನಮ್ಮದು ಮದರಾಸಿನ ಒಂದು ಸ್ಟುಡಿಯೊದವರು ಮಾರಿದ್ದು. ಅದಕ್ಕೊಂದು ಮರದ ಪೆಟ್ಟಿಗೆ, ಒಳಗೆ ವೆಲ್ವೆಟ್ ಹಾಸು, ಮೂಲೆಯಲ್ಲಿ ಸಿಲಿಕಾ ಜೆಲ್‌ನ ಪುಟ್ಟ ಚೀಲ. ಆ ಚೀಲ ನೀಲಿಯಿಂದ ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡಿಡುವುದು ನನ್ನ ಕೆಲಸ. ಸ್ಟುಡಿಯೊದಲ್ಲಿ ನನಗೆ ಸ್ವತಂತ್ರವಾಗಿ ಒಪ್ಪಿಸಿದ ಮೊದಲ ಜವಾಬ್ದಾರಿ ಅದೇ. ಆರು ತಿಂಗಳು ಬೇರೆ ಜವಾಬ್ದಾರಿ ಬರಲಿಲ್ಲ.

ಕಂಡೆನ್ಸರ್ ಅಂದರೆ ಏನು ಅಂತ ಕೇಳಿದ್ದಕ್ಕೆ ಯಜಮಾನರು ತಲೆಯ ಮೇಲಿನ ಫ್ಯಾನ್ ತೋರಿಸಿದರು. ಫ್ಯಾನ್ ನಿಧಾನವಾದರೆ ಎಲೆಕ್ಟ್ರಿಷಿಯನ್ ಬಂದು "ಕಂಡೆನ್ಸರ್ ಹೋಗಿದೆ ಸಾರ್" ಅನ್ನುತ್ತಾನಲ್ಲ, ಅದರ ತಮ್ಮನೇ ಇದು. ಒಂದರ ಎದುರು ಒಂದು ಎರಡು ತಗಡು, ನಡುವೆ ಸಂದು, ಅಷ್ಟೇ. ಮೈಕಿನಲ್ಲಿ ಒಂದು ತಗಡಿನ ಬದಲು ಚಿನ್ನ ಲೇಪಿಸಿದ ಪ್ಲಾಸ್ಟಿಕ್ ಪೊರೆ. ದಪ್ಪ ಆರು ಮೈಕ್ರಾನ್‌ನಷ್ಟು, ಅಂದರೆ ತಲೆಗೂದಲಿನ ಹತ್ತನೇ ಒಂದು ಪಾಲು. ಹಾಡಿದರೆ ಪೊರೆ ಅಲುಗುತ್ತದೆ, ಸಂದು ಹಿಗ್ಗಿ ಕುಗ್ಗುತ್ತದೆ, ಅದೇ ವಿದ್ಯುತ್ತಾಗಿ ತಂತಿಯಲ್ಲಿ ಇಳಿಯುತ್ತದೆ. ಸಭೆಗಳ ಡೈನಮಿಕ್ ಮೈಕಿನಲ್ಲಿ ಪೊರೆ ತನ್ನ ಜೊತೆ ಒಂದು ತಂತಿಸುರುಳಿಯನ್ನೂ ಹೊತ್ತು ಕುಣಿಯಬೇಕು. ಇಲ್ಲಿ ಆ ಭಾರವಿಲ್ಲ. ಅದಕ್ಕೇ ಇದಕ್ಕೆ ಕಿವಿ ಚುರುಕು, ಮೈ ನಾಜೂಕು, ಮೇಲೆ 48 ವೋಲ್ಟ್ ವಿದ್ಯುತ್ತಿನ ಊಟ ಬೇರೆ.

ಆಗ ಮೈಕ್ ಆರಿಸುವುದು ಅಂತ ಒಂದು ಕೆಲಸವೇ ಇರಲಿಲ್ಲ. ವಿದೇಶಿ ಸಾಮಾನಿನ ಮೇಲೆ ವಿಪರೀತ ಸುಂಕ. ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಮದುವೆ ಮನೆಗೆ, ರಾಜಕೀಯ ಭಾಷಣಕ್ಕೆ ಆಗುವಂಥ ಮೈಕುಗಳು ಸಿಗುತ್ತಿದ್ದವೇ ಹೊರತು ಇಂಥದ್ದಲ್ಲ. ನಮ್ಮ ಯಜಮಾನರು ಯು87 ಅನ್ನು ಆರಿಸಿದರು ಅಂತ ಹೇಳುವುದು ಸುಳ್ಳು. ಸಿಕ್ಕಿತು, ಕೊಂಡರು. ಇನ್ನೊಂದು ಸಿಕ್ಕಿದ್ದರೆ ಅದನ್ನೇ ಕೊಂಡು ಅದನ್ನೇ ಹೊಗಳುತ್ತಿದ್ದರು.

ಇದ್ದದ್ದು ಒಂದೇ ಆದ್ದರಿಂದ ಅಲುಗಬೇಕಾದ್ದು ಮನುಷ್ಯರು. ಆ ಮೈಕಿನ ಕುತ್ತಿಗೆಯ ಹತ್ತಿರ ಒಂದು ಪುಟ್ಟ ಸ್ವಿಚ್ಚಿತ್ತು. ಒಂದು ಕಡೆ ತಳ್ಳಿದರೆ ಎದುರಿನದು ಮಾತ್ರ ಕೇಳುತ್ತದೆ, ಇನ್ನೊಂದು ಕಡೆ ತಳ್ಳಿದರೆ ಸುತ್ತಲಿನದೆಲ್ಲ, ಮೂರನೆಯದು ಇಂಗ್ಲಿಷ್ 8ರ ಆಕಾರ: ಹಿಂದೆ ಮುಂದೆ ಕೇಳುತ್ತದೆ, ಎಡಬಲಕ್ಕೆ ಕಿವುಡು. ಕಚೇರಿ ಸಂಗೀತದ ರೆಕಾರ್ಡಿಂಗಿಗೆ ಯಜಮಾನರು ಈ ಎಂಟನ್ನೇ ಹಾಕುತ್ತಿದ್ದರು. ಹಾಡುವವರು ಮೈಕಿನ ಮುಂದೆ, ಪಿಟೀಲಿನವರು ಹಿಂದೆ, ಮೃದಂಗ ಪಕ್ಕಕ್ಕೆ, ಆ ಕಿವುಡು ಜಾಗದಲ್ಲಿ. ಮೃದಂಗದ ನಾದ ಗೋಡೆಗೆ ತಾಗಿ ಬಂದಷ್ಟೇ ಸಾಕು ಅನ್ನುವ ಲೆಕ್ಕ. ಇದನ್ನು ವಿದ್ವಾಂಸರಿಗೆ ತಿಳಿಹೇಳುವುದು ಬೇರೆಯೇ ಕಲೆ. "ಮೂವತ್ತು ವರ್ಷ ಪಕ್ಕವಾದ್ಯ ನುಡಿಸಿದೀನಿ, ಇವತ್ತು ಮೂಲೆಗೆ ಕೂರಿಸ್ತೀರಾ?" ಅಂತ ಒಬ್ಬರು ಮೃದಂಗವನ್ನು ಚೀಲಕ್ಕೆ ಹಾಕಿ ಎದ್ದೇಬಿಟ್ಟಿದ್ದರು. ಕಾಫಿ ತರಿಸಿ ಕೂರಿಸಿದ್ದಾಯಿತು.

ಆಮೇಲೆ ಶುರುವಾಗುತ್ತಿತ್ತು ನಿಜವಾದ ಕೆಲಸ. ಯಜಮಾನರು ಹೆಡ್‌ಫೋನ್ ಹಾಕಿಕೊಂಡು ಗಾಜಿನ ಆಚೆ ಕೂತು ಕೈಸನ್ನೆ ಮಾಡುವುದು, ನಾನು ಒಳಗೆ ಹೋಗಿ "ಎರಡು ಗೇಣು ಹಿಂದೆ ಸರೀಬೇಕಂತೆ ಸ್ವಾಮಿ" ಅನ್ನುವುದು. ಅವರು ಒಂದು ಗೇಣು ಸರಿಯುವುದು. ಮತ್ತೆ ಸನ್ನೆ. ಜಮಖಾನದ ಮೇಲೆ ಸೀಮೆಸುಣ್ಣದ ಗುರುತು. ಫ್ಯಾನ್ ಆರಿಸಿದ ಕೋಣೆ, ಬೇಸಿಗೆ ರಾತ್ರಿ, ಬೆವರು. ಹಾಡುಗಾರರು ಬಿಸಿಯೇರಿ ಮುಂದಕ್ಕೆ ಜರುಗಿದರೆ ದನಿಗೆ ಊದಿಕೊಂಡ ಮಂದ್ರ ಬಂದುಬಿಡುತ್ತಿತ್ತು, ಇಂಥ ಮೈಕಿಗೆ ಹತ್ತಿರ ಹೋದಷ್ಟೂ ಕೆಳಸ್ವರ ಉಬ್ಬುತ್ತದೆ. ಕಾಲು ಇಂಚಿನ ಟೇಪು ಸೆಕೆಂಡಿಗೆ 15 ಇಂಚಿನಂತೆ ಓಡುತ್ತಿದ್ದರೆ ಯಜಮಾನರ ಕಣ್ಣು ಮೀಟರಿಗಿಂತ ಹೆಚ್ಚಾಗಿ ಹಾಡುವವರ ಮೊಣಕಾಲಿನ ಮೇಲೆ. ಮೊಣಕಾಲು ಗುರುತು ದಾಟಿದರೆ ಟೇಪ್ ನಿಲ್ಲುತ್ತಿತ್ತು. ಒಂದು ಕೃತಿಗೆ ಆರು ಟೇಕ್ ಆದದ್ದುಂಟು, ಒಂದರಲ್ಲೂ ಹಾಡಿದವರ ತಪ್ಪಿಲ್ಲ.

ಇಷ್ಟೆಲ್ಲ ಮಾಡಿ ಕೊನೆಗೆ ಅದು ಹೋಗಿ ಬೀಳುತ್ತಿದ್ದದ್ದು ಅಗ್ಗದ ಕ್ಯಾಸೆಟ್ಟಿಗೆ. ಟೂ-ಇನ್-ಒನ್‌ನಲ್ಲಿ ಹಾಕಿದರೆ ಮೊದಲು ಬರುವುದು ಸೋ ಅನ್ನುವ ಸದ್ದು, ಅದರ ಹಿಂದೆ ಎಲ್ಲೋ ತಂಬೂರಿ. ಚಿನ್ನದ ಸೌಟಿನಲ್ಲಿ ಗಂಜಿ ಬಡಿಸಿದ ಹಾಗೆ. ಹಳೆಯ ರೆಕಾರ್ಡಿಂಗುಗಳಲ್ಲಿ ಏನೋ ಒಂದು ಹಿತ ಇತ್ತು ಅನ್ನುವವರು ಈಗ ಬಹಳ ಜನ. ಆ ಹಿತದಲ್ಲಿ ಅರ್ಧ ಭಾಗ ಮೇಲಿನ ಸ್ವರಗಳೆಲ್ಲ ಟೇಪಿನಲ್ಲಿ ಸವೆದುಹೋದದ್ದು. ಆ ಟೇಪುಗಳನ್ನು ಸುತ್ತಿದ ಕೈ ಇದು, ನನಗೆ ಅದರ ಮೇಲೆ ಮೋಹವಿಲ್ಲ.

ಮಳೆಗಾಲದಲ್ಲಿ ಆ ಮೈಕನ್ನು ಉಡುಪಿ ಕಡೆಗೆ ಒಯ್ದದ್ದು ಒಂದೇ ಸಲ. ಕರಾವಳಿಯಲ್ಲಿ ಯಕ್ಷಗಾನದ ಕ್ಯಾಸೆಟ್ಟಿಗೆ ಆಗ ಒಳ್ಳೆಯ ಗಿರಾಕಿ. ಒಂದು ಹಳೆಯ ಮನೆಯ ಚಾವಡಿಯಲ್ಲಿ ಭಾಗವತರನ್ನು ಕೂರಿಸಿದೆವು, ಪಕ್ಕಕ್ಕೆ ಮದ್ದಲೆ. ಯು87ನ ಹೊಟ್ಟೆಯೊಳಗೆ 22.5 ವೋಲ್ಟಿನ ಎರಡು ಬ್ಯಾಟರಿ ಇಟ್ಟು ನಡೆಸಬಹುದಿತ್ತು, ಕರೆಂಟ್ ಹೋದರೂ ಮೈಕಿಗೆ ಚಿಂತೆಯಿಲ್ಲ ಅಂತ ಬೀಗಿಕೊಂಡು ಹೋಗಿದ್ದೆವು. ಚೆಂಡೆಯ ಮೊದಲ ಪೆಟ್ಟಿಗೇ ಮೀಟರಿನ ಮುಳ್ಳು ಹೋಗಿ ಆಚೆ ಗೋಡೆಗೆ ಬಡಿಯಿತು. ಹತ್ತು ಡೆಸಿಬಲ್ ತಗ್ಗಿಸುವ ಸ್ವಿಚ್ ಹಾಕಿದರೂ ಒಡಕು. ಚೆಂಡೆಯವರನ್ನು ಜಗಲಿಗೆ ಕಳಿಸಿದೆವು. ಆಮೇಲೆ ಅಂಗಳದ ಅಂಚಿಗೆ. ಅಲ್ಲಿಂದ ಆಚೆ ಮಳೆ.

ಅಷ್ಟರಲ್ಲಿ ಮೈಕಿಗೇ ಶೀತವಾಯಿತು. ಕಡಲೆ ಹುರಿದ ಹಾಗೆ ಚಟಪಟ. ಗಾಳಿಯ ತೇವ ಆ ಪೊರೆಯ ಆಸುಪಾಸಿಗೆ ಕೂತು ನಿಲ್ಲಬೇಕಾದ ವಿದ್ಯುತ್ತು ಸೋರಿಹೋಗುತ್ತಿತ್ತು. ಪೆಟ್ಟಿಗೆಯೊಳಗೆ 40 ವ್ಯಾಟಿನ ಬಲ್ಬ್ ಉರಿಸಿ, ಮೈಕನ್ನು ಮೊಟ್ಟೆಗೆ ಕಾವು ಕೊಡುವ ಹಾಗೆ ಇಟ್ಟುಕೊಂಡು ಎರಡು ತಾಸು ಕಾದೆವು. ಕೊನೆಗೆ ಆ ಕ್ಯಾಸೆಟ್ ಆದದ್ದು ಊರಿನ ಸೌಂಡ್ ಸಿಸ್ಟಮ್‌ನವರಿಂದ ಕಡ ತಂದ ಎರಡು ಡೈನಮಿಕ್ ಮೈಕುಗಳಲ್ಲಿ. ಒಳ್ಳೆಯ ವ್ಯಾಪಾರವಾಯಿತು. ಯಜಮಾನರು ಅದರ ಮಾತನ್ನು ಮತ್ತೆ ಎತ್ತಲಿಲ್ಲ.

ನನ್ನ ಅಮ್ಮ ವೀಣೆ ನುಡಿಸುತ್ತಿದ್ದಳು. ಹದಿನಾಲ್ಕು ವರ್ಷ ನಾನು ಸ್ಟುಡಿಯೊದಲ್ಲಿದ್ದೆ, ಅವಳದ್ದು ಒಂದು ನಿಮಿಷದ ರೆಕಾರ್ಡಿಂಗ್ ಇಲ್ಲ. ಗಂಟೆಯ ಲೆಕ್ಕದ ಬಾಡಿಗೆ, ಅವಳು ಮೈಸೂರಿನಲ್ಲಿ, ನಾನು ಬೆಂಗಳೂರಿನಲ್ಲಿ. ಅದಕ್ಕಿಂತ ಹೆಚ್ಚಾಗಿ, ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಸ್ಟುಡಿಯೊ ಇರುವುದು ವಿದ್ವಾಂಸರಿಗೆ ಅಂದುಕೊಂಡಿದ್ದೆ.

ಆ ವೀಣೆ ಈಗ ತಂಗಿಯ ಮಗಳ ಹತ್ತಿರ, ಕುವೆಂಪುನಗರದ ಮನೆಯಲ್ಲಿದೆ. ಅವಳು ಐಟಿ ಕೆಲಸದವಳು. ನುಡಿಸಿದ್ದನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಬೇಕು, ಯಾವ ಮೈಕ್ ತಗೊಳ್ಳಲಿ ಮಾಮ ಅಂತ ಫೋನ್ ಮಾಡಿದಳು. ಹೋದರೆ ಎಕ್ಸೆಲ್ ಶೀಟ್ ತೆರೆದು ಕೂತಿದ್ದಾಳೆ. ಹನ್ನೊಂದು ಮೈಕು, ಒಂಬತ್ತು ಕಾಲಂ. ಅವಳ ಮದುವೆಗೆ ಜಾತಕ ನೋಡುವಾಗಲೂ ತಂಗಿ ಇಷ್ಟು ಕಾಲಂ ಹಾಕಿರಲಿಲ್ಲ. ಒಂದು ಮಾಮೂಲಿ ಸ್ಮಾರ್ಟ್‌ಫೋನಿನ ಬೆಲೆಯೊಳಗೇ ಎಲ್ಲವೂ. ಕಣ್ಣು ಉಜ್ಜಿಕೊಂಡು ನೋಡಿದೆ. ನನ್ನ ಕಾಲದಲ್ಲಿ ಈ ಶೀಟಿನ ಯಾವುದೇ ಒಂದು ಸಾಲು ಸಿಕ್ಕಿದ್ದರೂ ಸ್ಟುಡಿಯೊ ಬಾಗಿಲಿಗೆ ತೋರಣ ಕಟ್ಟುತ್ತಿದ್ದೆವು.

ಅವಳು ಹಿಡಿದದ್ದು ಸೆಲ್ಫ್ ನಾಯ್ಸ್ ಅನ್ನುವ ಕಾಲಂ. ಸುಮ್ಮನಿದ್ದಾಗ ಮೈಕ್ ತಾನೇ ಮಾಡುವ ಸದ್ದು. ಒಂದರದ್ದು 5 ಡೆಸಿಬಲ್, ಇನ್ನೊಂದರದ್ದು 20. ವೀಣೆಯಂಥ ಮೆಲುದನಿಯ ವಾದ್ಯಕ್ಕೆ ಇದು ಲೆಕ್ಕಕ್ಕಿಲ್ಲ ಅಂತ ನಾನು ಹೇಳುವುದಿಲ್ಲ. 20 ದಾಟಿದರೆ ಮೀಟಿನ ಬಾಲದಲ್ಲಿ ಸುಯ್ ಅನ್ನುವುದು ಕೇಳೀತು. ಆದರೆ ರಾತ್ರಿ ಹನ್ನೊಂದಕ್ಕೆ ಆ ಕೋಣೆಯನ್ನು ಫೋನಿನಲ್ಲಿ ಅಳೆದರೆ 36 ತೋರಿಸಿತು. ಫೋನಿನ ಅಳತೆ ನೆಚ್ಚುವಂಥದ್ದಲ್ಲ, ಇರಲಿ. ಪಕ್ಕದ ಮನೆಯ ಫ್ರಿಜ್, ದೂರದ ರಿಂಗ್ ರೋಡ್, ಟೈಲ್ಸ್ ನೆಲ, ಬೋಳು ಗೋಡೆ. 5ಕ್ಕೂ 16ಕ್ಕೂ ಇರುವ ವ್ಯತ್ಯಾಸ ಅಲ್ಲಿ ಕೇಳುವುದು ಯಾರಿಗೆ?

ನಾನು ಬೇಡ ಅನ್ನುವ ಮುಂಚೆಯೇ ಆನ್‌ಲೈನಿನಲ್ಲಿ ಒಂದು ತರಿಸಿದ್ದಳು. ದೊಡ್ಡ ಪೊರೆಯದು, ನೋಡುವುದಕ್ಕೆ ನಮ್ಮ ಯು87ನ ಅವಳಿಯೇ. ಹಾಕಿ ಕೇಳಿದೆವು. ಮೀಟಿನ ಉಗುರಿನ ಸದ್ದು ಮುಂದೆ, ನಾದ ಹಿಂದೆ. ತಾಳದ ತಂತಿ ಸ್ಟೀಲ್ ಲೋಟ ಬಿದ್ದ ಹಾಗೆ. ಕಾರಣ ನನಗೆ ಗೊತ್ತಿತ್ತು. ನಾಯ್ಮನ್‌ನವರು 1960ರಲ್ಲಿ ಯು87ನ ಅಣ್ಣ ಯು67ಕ್ಕೆ ಮಾಡಿದ ಕ್ಯಾಪ್ಸೂಲಿಗೆ, ಅಂದರೆ ಪೊರೆ ಕೂತಿರುವ ಬಿಲ್ಲೆಗೆ, ಮೇಲಿನ ಸ್ವರಗಳನ್ನು ಎತ್ತಿ ಹಿಡಿಯುವ ಗುಣ ಹುಟ್ಟಿನಿಂದಲೇ ಇದೆ. ಅದನ್ನು ತಗ್ಗಿಸುವ ಏರ್ಪಾಡನ್ನು ಅವರು ಸರ್ಕ್ಯೂಟಿನೊಳಗೆ ಇಟ್ಟಿದ್ದರು. ಅಗ್ಗದ ನಕಲುಗಳಲ್ಲಿ ಅನೇಕವು ಕ್ಯಾಪ್ಸೂಲನ್ನು ನಕಲು ಮಾಡಿದವು, ತಗ್ಗಿಸುವುದನ್ನು ಬಿಟ್ಟವು. ಸಾರಿನ ಪುಡಿ ಇಸಿದುಕೊಂಡು ಬೆಲ್ಲ ಮರೆತ ಹಾಗೆ. ಅಂಗಡಿಯಲ್ಲಿ ಎರಡು ನಿಮಿಷ ಕೇಳಿದವರಿಗೆ ಅದೇ ಕ್ಲಾರಿಟಿ ಅನ್ನಿಸುತ್ತದೆ.

ಅದನ್ನು ವಾಪಸ್ ಕಳಿಸಿದಳು. ಬೆಂಗಳೂರಿನಲ್ಲಿ ನನ್ನ ಪರಿಚಯದವರೊಬ್ಬರು ಸ್ಟುಡಿಯೊ ಮುಚ್ಚುತ್ತಿದ್ದರು, ಅವರಿಂದ ಶೂರ್ ಎಸ್‌ಎಂ81 ಒಂದನ್ನು ತಂದೆ. 1978ರ ಮಾಡೆಲ್, ಸಣ್ಣ ಪೊರೆಯದು, ಪೀಪಿಯಷ್ಟು ಗಾತ್ರ. ಬಂದದ್ದನ್ನು ಬಂದ ಹಾಗೆ ಹೇಳುತ್ತದೆ, ಬಣ್ಣ ಕಟ್ಟುವುದಿಲ್ಲ. ಅವಳು ಫೋನಿನಲ್ಲಿ ಹುಡುಕಿ ಮುಖ ಗಂಟಿಕ್ಕಿದಳು. "ಮಾಮ, ಇದರ ಸೆಲ್ಫ್ ನಾಯ್ಸ್ 16 ಇದೆ. ನನ್ನ ಲಿಸ್ಟಲ್ಲಿ ಕೊನೆಯಿಂದ ಎರಡನೇದು ಆಗತ್ತೆ."

"ಆಗ್ಲಿ ಕಣೇ. ಮೊದಲು ಆ ಬೀರು ಬಾಗಿಲು ತೆಗಿ" ಅಂದೆ.

ಮನೆಯಲ್ಲಿ ಮೈಕ್ ಹೂಡುವುದು ಮೈಸೂರಿಗೆ ಹೊಸದಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಆಕಾಶವಾಣಿ ಶುರು ಮಾಡಿದ್ದೇ ತಮ್ಮ ಮನೆಯಿಂದ. ನಾವು ಒಂದು ಶನಿವಾರವೆಲ್ಲ ಆ ಕೋಣೆಯ ಜೊತೆ ಗುದ್ದಾಡಿದೆವು. ಬೀರುವಿನ ಎರಡೂ ಬಾಗಿಲು ತೆರೆದು ರೇಷ್ಮೆ ಸೀರೆಗಳ ಸಾಲು ವೀಣೆಯ ಎದುರಿಗೆ ಬರುವ ಹಾಗೆ ಮಾಡಿದೆ. ಮಡಿಸಿಟ್ಟ ಸೀರೆಗಳಷ್ಟು ಚೆನ್ನಾಗಿ ಪ್ರತಿಧ್ವನಿ ನುಂಗುವುದು ಬೇರೆ ಇಲ್ಲ, ಬಾಡಿಗೆಯೂ ಇಲ್ಲ. ಹಾಸಿಗೆಯನ್ನು ಗೋಡೆಗೆ ಒರಗಿಸಿದೆವು. ನೆಲಕ್ಕೆ ಅಮ್ಮನ ಕಾಲದ ಜಮಖಾನ. ಮೈಕನ್ನು ಅವಳು ತಾನೇ ತಂದು ಕುದುರೆಯ ಹತ್ತಿರ, ಒಂದು ಗೇಣಿನಲ್ಲಿ ಹೂಡಿದಳು. ವೀಡಿಯೊಗಳಲ್ಲಿ ಹಾಗೇ ಇರುತ್ತದಂತೆ. ಕೇಳಿದರೆ ಬರೀ ಮೀಟು. ಕೊಡದ ನೇರಕ್ಕೆ ತಂದರೆ ಮಡಕೆಯೊಳಗೆ ಮಾತಾಡಿದ ಹಾಗೆ. ಮೆಟ್ಟುಗಳ ಕಡೆಗೆ ಸರಿಸಿದರೆ ಎಡಗೈ ಬೆರಳು ತಂತಿಯ ಮೇಲೆ ಜಾರುವ ಸುಯ್‌ಗುಟ್ಟುವಿಕೆ. ಕೊಡವೂ ಮೆಟ್ಟುಗಳೂ ಸೇರುವ ಜಾಗಕ್ಕೆ ಎದುರಾಗಿ, ಸ್ವಲ್ಪ ಎತ್ತರದಿಂದ, ಮೂರು ಗೇಣು ದೂರದಲ್ಲಿಟ್ಟಾಗ ವೀಣೆ ಒಂದೇ ವಾದ್ಯವಾಗಿ ಕೂಡಿಕೊಂಡಿತು. ಅಲ್ಲಿಗೆ ಬರಲು ನಾಲ್ಕು ತಾಸು. ನಡುವೆ ಒಮ್ಮೆ ಅರ್ಧ ಗಂಟೆ ಏನೂ ಕೇಳದೆ ಕೇಬಲ್ ಬದಲಾಯಿಸುತ್ತ ಕೂತಿದ್ದೆವು. 48 ವೋಲ್ಟಿನ ಗುಂಡಿ ಒತ್ತಿರಲಿಲ್ಲ. ಇಬ್ಬರಲ್ಲಿ ಯಾರು ಒತ್ತಬೇಕಿತ್ತು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ಭಾನುವಾರ ಬೆಳಿಗ್ಗೆ ಐದಕ್ಕೆ ರೆಕಾರ್ಡಿಂಗ್. ಅಷ್ಟು ಹೊತ್ತಿಗೆ ಎದ್ದರೆ ಮಾತ್ರ ಕುಕ್ಕರ್ ಇಲ್ಲ, ಮಿಕ್ಸಿ ಇಲ್ಲ. ಮೊದಲ ಟೇಕಿಗೆ ನೀರಿನ ಟ್ಯಾಂಕರ್ ಬಂತು, ಮೈಕಿನ ಮೈಮೇಲಿನ ಸ್ವಿಚ್ ಹಾಕಿ ಕೆಳಸ್ವರ ಕತ್ತರಿಸಿದರೂ ಹೋಗಲಿಲ್ಲ. ಎರಡನೆಯದಕ್ಕೆ ಕೋಗಿಲೆ. ಅದು ಇರಲಿ ಅಂದಳು, ಬೇಡ ಅಂದೆ. ಮೂರನೆಯದು ಚೆನ್ನಾಗಿ ಬಂತು. ಅವಳಿಗೆ ಅಮ್ಮನ ಕೈ ಬಂದಿಲ್ಲ, ಗಮಕದಲ್ಲಿ ಅವಸರ. ಅದು ಕೂಡ ಸ್ಪಷ್ಟವಾಗಿ ಕೇಳಿಸಿತು. ಇದನ್ನು ಅವಳಿಗೆ ಹೇಳಿದೆ. ಗೊತ್ತು ಮಾಮ ಅಂದಳು.

ಹೋದ ವಾರ ವೀಡಿಯೊ ಹಾಕಿದಳು. ಕೆಳಗೆ ಯಾರೋ ಸೌಂಡ್ ಬಹಳ ಚೆನ್ನಾಗಿದೆ, ಯಾವ ಮೈಕ್ ಅಂತ ಕೇಳಿದ್ದಾರೆ. ಮಾಡೆಲ್ ನಂಬರ್ ಬರೆದು ಕೈಮುಗಿದಿದ್ದಾಳೆ. ಬೀರುವಿನ ಸಂಗತಿ ಬರೆದಿಲ್ಲ.