ಮೂರು ಚಿಗುರು ರಿವಾಲ್ವರ್

ಕ್ವಾಲಾಲಂಪುರದಲ್ಲಿ ಮಧ್ಯಾಹ್ನ ಕೊಡೆ ಇಲ್ಲದೆ ಹೊರಗೆ ಹೋಗಬೇಡಿ ಎಂದು ಹೋಟೆಲಿನ ಹುಡುಗ ಹೇಳಿದ್ದ. ಮಡಿಕೇರಿಯವನಿಗೇ ಮಳೆಯ ಪಾಠವೇ ಎಂದುಕೊಂಡು ಕೊಡೆಯನ್ನು ಕೋಣೆಯಲ್ಲೇ ಬಿಟ್ಟು ಹೊರಟೆ. ಹೆಂಡತಿ, ಮಗಳು ಪೆರ್ದಾನಾ ಉದ್ಯಾನದ ಪಕ್ಷಿಧಾಮ ಸೇರಿಕೊಂಡರು. ನಾನು ರಸ್ತೆ ಹಿಡಿದು ಹತ್ತು ನಿಮಿಷ ನಡೆದಿರಬೇಕು, ಆಕಾಶ ಕೊಡ ಕವುಚಿದಂತೆ ಸುರಿಯಿತು. ನಮ್ಮೂರಿನ ಜಡಿಮಳೆಗಾದರೆ ಒಂದು ಸಾವಧಾನವಿದೆ, ವಾರಗಟ್ಟಲೆ ಕೂತು ಹೊಡೆಯುತ್ತದೆ. ಇದು ಸಾಲ ವಸೂಲಿಗೆ ಬಂದವನ ಹಾಗೆ ಬಂತು. ಕಣ್ಣಿಗೆ ಬಿದ್ದ ಮೊದಲ ಸೂರಿನಡಿಗೆ ಓಡಿದೆ. ಫಲಕ ಓದಿದರೆ ‘ಮುಝಿಯಂ ಪೊಲೀಸ್ ದಿರಾಜ ಮಲೇಷಿಯಾ’.

ಮಲಯ ಭಾಷೆ ಬಾರದಿದ್ದರೂ ಅರ್ಥವಾಯಿತು. ದಿರಾಜದೊಳಗೆ ನಮ್ಮ ರಾಜನೇ ಕೂತಿದ್ದಾನೆ. ಮಲಯದ ಪೊಲೀಸ್ ಪಡೆಗೆ ಈ ಬಿರುದು ದೊರೆಯಿಂದ ಬಂದದ್ದು 1958ರಲ್ಲಿ. ಉದ್ಯಾನದ ಹೆಸರಿನ ‘ಪೆರ್ದಾನಾ’ ಎಂದರೆ ಪ್ರಧಾನ. ಈ ದೇಶದಲ್ಲಿ ಕನ್ನಡಿಗ ಅರ್ಧ ಫಲಕಗಳನ್ನು ಊಹೆಯಿಂದಲೇ ಓದಬಹುದು.

ಅಂಗಳದಲ್ಲಿ ನೆನೆಯುತ್ತ ನಿಂತ ವಾಹನಗಳ ನಡುವೆ ಹಳಿಯ ಮೇಲೆ ಓಡುವ, ಉಕ್ಕಿನ ಹೊದಿಕೆಯ ಪುಟ್ಟ ಬಂಡಿಯೊಂದಿತ್ತು. 1948ರಿಂದ 1960ರವರೆಗೆ ಕಮ್ಯುನಿಸ್ಟ್ ಗೆರಿಲ್ಲಾಗಳ ವಿರುದ್ಧ ನಡೆದ ಯುದ್ಧವನ್ನು ಇಲ್ಲಿ ಇಂದಿಗೂ ‘ತುರ್ತು ಪರಿಸ್ಥಿತಿ’ ಎಂದೇ ಕರೆಯುತ್ತಾರೆ. ಆಗ ರೈಲು ಹಳಿ ಕಾಯುತ್ತಿದ್ದ ಬಂಡಿ ಇದು. ನಮಗೆ ಆ ಮಾತು ಕೇಳಿದರೆ 1975 ನೆನಪಾಗುತ್ತದೆ. ಇವರಿಗೆ ರಬ್ಬರ್ ತೋಟ, ಕಾಡು, ಹೊಂಚುದಾಳಿ. ಜೋಹೋರಿನ ಮುವಾರ್ ನದಿಯ ದಡದ ಬುಕಿತ್ ಕೆಪೊಂಗ್ ಠಾಣೆ 1950ರ ಫೆಬ್ರವರಿ 23ರ ನಸುಕಿನಲ್ಲಿ ಸುಟ್ಟು ಬೂದಿಯಾದದ್ದು, ಒಳಗಿದ್ದ ಪೊಲೀಸರು ಶರಣಾಗದೆ ಸತ್ತದ್ದು ಇಲ್ಲಿನ ಮಕ್ಕಳಿಗೆಲ್ಲ ಗೊತ್ತು.

ನಾನು ನಿಂತುಬಿಟ್ಟದ್ದು ಮಾತ್ರ ಒಳಗಿನ ಒಂದು ಗಾಜಿನ ಪೆಟ್ಟಿಗೆಯೆದುರು. ಅದರಲ್ಲಿ ಮೂರು ರಿವಾಲ್ವರುಗಳು ಮಗ್ಗುಲಾಗಿ ಮಲಗಿದ್ದವು.

ಕೋವಿ ನನಗೆ ಹೊಸದಲ್ಲ. ನಮ್ಮ ಕಡೆ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವರು ಕೋವಿಯ ಮೂತಿಗೆ ತೋಕ್‌ಪೂ ಸಿಕ್ಕಿಸಿ ಪೂಜಿಸುತ್ತಾರೆ. ಬಯಲುಸೀಮೆಯವರು ಅಗ್ನಿಶಿಖೆ ಎನ್ನುವ ಹೂವೇ ಅದು. ಆದರೆ ಅವೆಲ್ಲ ಉದ್ದ ನಳಿಗೆಯವು. ರಿವಾಲ್ವರ್ ಎಂದರೆ ನನ್ನ ಪಾಲಿಗೆ ಟೆಂಟ್ ಸಿನಿಮಾದ ವಸ್ತು, ‘ಜೇಡರ ಬಲೆ’ಯ ರಾಜ್‌ಕುಮಾರ್ ಕೈಯಲ್ಲಿದ್ದದ್ದು. ಸಿಐಡಿ 999 ಟ್ರಿಗರ್ ಒತ್ತಿದರೆ ಸಾಕು, ಸಿಡಿಯುತ್ತಿತ್ತು. ಒತ್ತಿದರೆ ಒಳಗೆ ಏನಾಗುತ್ತದೆ ಎಂಬ ಪ್ರಶ್ನೆ ಅಂದಿನಿಂದ ತಲೆಯಲ್ಲಿ ಕೂತಿದೆ. ನನಗೆ ಬೀಗ, ಹೊಲಿಗೆ ಯಂತ್ರ, ಗೋಡೆ ಗಡಿಯಾರಗಳನ್ನು ಬಿಚ್ಚುವ ಹುಚ್ಚು. ಕೆಲವನ್ನು ಮರಳಿ ಜೋಡಿಸಿದ್ದೂ ಉಂಟು. ಕೋವಿಯನ್ನು ಬಿಚ್ಚಲು ಯಾರೂ ಕೊಡಲಿಲ್ಲ, ಓದಿ ತಿಳಿದುಕೊಂಡೆ.

ಹಳೆಯ ರಿವಾಲ್ವರಿನಲ್ಲಿ ಹೆಬ್ಬೆರಳಿಂದ ಕುದುರೆಯನ್ನು ಹಿಂದಕ್ಕೆಳೆದು ನಿಲ್ಲಿಸಬೇಕಿತ್ತು. ಕೋವಿಯ ಬಡಿಗೆಗೆ ಕನ್ನಡದಲ್ಲಿ ಕುದುರೆ ಎಂದೇ ಹೆಸರು. ಆಮೇಲೆ ತೋರುಬೆರಳು ಟ್ರಿಗರ್ ಒತ್ತಿ ಕುದುರೆಯನ್ನು ಬಿಡಬೇಕು. ಎರಡು ಬೆರಳಿಗೆ ಎರಡು ಕೆಲಸ. ಡಬಲ್ ಆಕ್ಷನ್ ಎಂಬ ಬಗೆಯಲ್ಲಿ ತೋರುಬೆರಳಿನ ಒಂದೇ ಎಳೆತಕ್ಕೆ ಗುಂಡುಗಳ ಉರುಳೆ ಒಂದು ಮನೆ ತಿರುಗುತ್ತದೆ, ಕುದುರೆ ಹಿಂದೆ ಸರಿಯುತ್ತದೆ, ತುದಿ ಮುಟ್ಟಿದೊಡನೆ ಜಾರಿ ಬಡಿಯುತ್ತದೆ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ತನ್ನ ಹೆಬ್ಬೆರಳಿನ ರಿವಾಲ್ವರುಗಳನ್ನು ರಾಶಿ ಹಾಕಿ ಕೂತಿದ್ದಾಗ, ಇಂಗ್ಲೆಂಡಿನ ರಾಬರ್ಟ್ ಆಡಮ್ಸ್ ಬರೀ ಟ್ರಿಗರಿನಿಂದಲೇ ಹಾರುವ ಕೋವಿ ತಂದಿಟ್ಟ. ಅದರ ಕುದುರೆಯನ್ನು ಬೆರಳಿಂದ ಎಳೆಯುವಂತೆಯೇ ಇರಲಿಲ್ಲ. ಐದು ವರ್ಷದೊಳಗೆ ಬೋಮಾಂಟ್ ಎಂಬ ಸೇನಾ ಇಂಜಿನಿಯರ್ ಎರಡೂ ಬಗೆಯನ್ನು ಒಂದರಲ್ಲೇ ಕೂಡಿಸಿದ. ಕೋಲ್ಟ್ ಲಂಡನ್ನಿನ ಕಾರ್ಖಾನೆ ಮುಚ್ಚಿಕೊಂಡು ಹೋದ. ಅವನ ಕಂಪನಿ ಡಬಲ್ ಆಕ್ಷನ್ ಮಾಡಿದ್ದು ಅವನು ತೀರಿಕೊಂಡ ಮೇಲೆ, 1877ರಲ್ಲಿ.

ಪೆಟ್ಟಿಗೆಯ ಚೀಟಿಗಳು ಚಿಕ್ಕವು, ನನ್ನ ಕನ್ನಡಕ ಮಂಜಾಗಿತ್ತು. ಆದರೂ ಆಕಾರ ನೋಡಿಯೇ ಕುಲ ಗುರುತಿಸಿದೆನೆಂಬ ಹಮ್ಮು ನನಗಿದೆ.

ಎಡಗಡೆಯದು ಬರ್ಮಿಂಗ್‌ಹ್ಯಾಮಿನ ವೆಬ್ಲಿ. ನಳಿಗೆಯ ಬುಡದಲ್ಲಿ ತಿರುಗಣೆ, ಕುದುರೆಯ ಮುಂದೆ ನೆತ್ತಿಯ ಮೇಲೆ ಚಿಲಕ. ಚಿಲಕ ಒತ್ತಿ ಬಗ್ಗಿಸಿದರೆ ಅಡಕತ್ತರಿಯಂತೆ ನಡು ಮುರಿದು ಬಾಯಿ ತೆರೆಯುತ್ತದೆ. ಖಾಲಿಯಾದ ಆರು ಕೊಳವೆಗಳೂ ತಾವಾಗಿ ಒಟ್ಟಿಗೇ ಹೊರಗೆ ನೆಗೆಯುತ್ತವೆ. ಗುಂಡು ತುಂಬುವ ಚುರುಕಿನಲ್ಲಿ ಇದನ್ನು ಮೀರಿಸಿದ್ದಿಲ್ಲ. ದೌರ್ಬಲ್ಯವೂ ಆ ತಿರುಗಣೆಯಲ್ಲೇ: ಸಿಡಿತದ ಭಾರವನ್ನೆಲ್ಲ ಒಂದು ಕೀಲು, ಒಂದು ಚಿಲಕ ಹೊರಬೇಕು. ಇದರದೇ ದಾಯಾದಿ ಎನ್‌ಫೀಲ್ಡ್. ಬ್ರಿಟಿಷ್ ಸರ್ಕಾರ ತಮ್ಮ ವಿನ್ಯಾಸವನ್ನೇ ನಕಲು ಮಾಡಿ ತನ್ನ ಕಾರ್ಖಾನೆಯಲ್ಲಿ ತಯಾರಿಸಿತೆಂದು ವೆಬ್ಲಿಯವರು ದೂರಿ, ಕೊನೆಗೆ 1,250 ಪೌಂಡ್ ಪಡೆದರು. ಟ್ಯಾಂಕಿನೊಳಗಿನ ಸೈನಿಕರಿಗೆ ಸಿಕ್ಕಿಕೊಳ್ಳಬಾರದೆಂದು ಎನ್‌ಫೀಲ್ಡಿನ ಒಂದು ಮಾದರಿಯಲ್ಲಿ ಕುದುರೆಯ ಕಿವಿಯನ್ನೇ ಕತ್ತರಿಸಿದ್ದರು. ಹೆಬ್ಬೆರಳಿಗೆ ಹಿಡಿಯಲು ಏನೂ ಇಲ್ಲ, ಮತ್ತೆ ಆಡಮ್ಸನ ಕಾಲಕ್ಕೇ ಹೋದಂತಾಯಿತು.

ಉಳಿದ ಎರಡು ಅಮೆರಿಕದವು, ಸ್ಮಿತ್ ಅಂಡ್ ವೆಸನ್ ಮತ್ತು ಕೋಲ್ಟ್. ದೂರದಿಂದ ಅವಳಿಗಳಂತೆ ಕಾಣುತ್ತವೆ. ಎರಡರ ಉರುಳೆಯೂ ಎಡಕ್ಕೆ ಹೊರಬಾಗುತ್ತದೆ. ಅವು ಆಗ ತಯಾರಾಗುತ್ತಿದ್ದ ಊರುಗಳೂ ನೆರೆಹೊರೆ. ಸ್ಪ್ರಿಂಗ್‌ಫೀಲ್ಡಿನಲ್ಲಿ ಸ್ಮಿತ್ ಅಂಡ್ ವೆಸನ್, ಹಾರ್ಟ್‌ಫೋರ್ಡಿನಲ್ಲಿ ಕೋಲ್ಟ್. ನಡುವೆ ನಮ್ಮ ಮೈಸೂರು–ಮಂಡ್ಯದಷ್ಟು ದಾರಿ. ಕನೆಕ್ಟಿಕಟ್ ನದಿ ಮೊದಲನೆಯವರ ಊರು ದಾಟಿ ಎರಡನೆಯವರ ಊರಿಗೆ ಬರುತ್ತದೆ. ಒಂದೇ ಹೊಳೆಯ ನೀರು ಕುಡಿದವರ ಜಗಳ ಹೇಗಿರುತ್ತದೆಂದು ಕಾವೇರಿ ಕಡೆಯವನಿಗೆ ಬಿಡಿಸಿ ಹೇಳಬೇಕೆ? ಕೋಲ್ಟ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ರೋಲಿನ್ ವೈಟ್ ಎಂಬಾತ ಉರುಳೆಗೆ ಆರಪಾರ ತೂತು ಕೊರೆದು ಹಿಂದಿನಿಂದ ಗುಂಡು ತುಂಬುವುದಕ್ಕೆ 1855ರಲ್ಲಿ ಪೇಟೆಂಟ್ ಪಡೆದ. ಅದರ ಹಕ್ಕು ಹೋದದ್ದು ಸ್ಮಿತ್ ಅಂಡ್ ವೆಸನ್ ಪಾಲಿಗೆ, ಕೋವಿಯೊಂದಕ್ಕೆ ಇಪ್ಪತ್ತೈದು ಸೆಂಟ್ ರಾಯಧನದ ಮೇಲೆ. 1869ರಲ್ಲಿ ಅವಧಿ ಮುಗಿಯುವವರೆಗೆ ಕೋಲ್ಟಿನವರು ಕೈಕಟ್ಟಿ ಕೂತರು.

ಈ ವೈರ ಕೋವಿಯ ಹೊಟ್ಟೆಯೊಳಗೂ ಹೊಕ್ಕಿದೆ. ಸ್ಮಿತ್ ಅಂಡ್ ವೆಸನ್ನಿನ ಚಿಲಕವನ್ನು ಹೆಬ್ಬೆರಳಿಂದ ಮುಂದಕ್ಕೆ ತಳ್ಳಬೇಕು, ಕೋಲ್ಟಿನದನ್ನು ಹಿಂದಕ್ಕೆ ಎಳೆಯಬೇಕು. ಹಿಂದಿನಿಂದ ನೋಡಿದರೆ ಒಂದರ ಉರುಳೆ ಅಪ್ರದಕ್ಷಿಣೆ, ಇನ್ನೊಂದರದು ಪ್ರದಕ್ಷಿಣೆ. ಉರುಳೆ ತೆರೆಯುವುದು ಎಡಕ್ಕಾದ್ದರಿಂದ ಕೋಲ್ಟಿನದು ತಿರುಗಿದಷ್ಟೂ ಮನೆಯೊಳಗೆ ಒತ್ತಿಕೊಳ್ಳುತ್ತದೆ, ಸ್ಮಿತ್ ಅಂಡ್ ವೆಸನ್ನಿನದು ಹೊರಗೋಡಲು ಹವಣಿಸುತ್ತದೆ. ಹಾಗಾಗಿ ಇವರು ನಳಿಗೆಯ ಕೆಳಗೆ ಒಂದು ಗುಬುಟು ಕೂಡಿಸಿ, ಉರುಳೆಯ ಸಲಾಕೆಯ ತುದಿಯನ್ನು ಅಲ್ಲೂ ಬಂಧಿಸಿದರು. ಗಾಜಿನಾಚೆಯಿಂದ ನನಗೆ ಗುರುತು ಸಿಕ್ಕಿದ್ದು ಆ ಗುಬುಟಿನಿಂದಲೇ. ಪಕ್ಕದ ಕೋಲ್ಟಿನ ಸಲಾಕೆ ಯಾವ ಆಸರೆಯೂ ಇಲ್ಲದೆ ಬತ್ತಲೆ ಚಾಚಿಕೊಂಡಿತ್ತು.

ಬೆರಳಿಗೂ ಭೇದ ತಿಳಿಯುತ್ತದೆಯಂತೆ. ಹಳೆಯ ಕೋಲ್ಟಿನ ಟ್ರಿಗರ್ ಎಳೆಯುತ್ತ ಹೋದಂತೆ ಬಿಗಿಯಾಗುತ್ತ ಕೊನೆಯಲ್ಲಿ ಗಟ್ಟಿಯಾಗುತ್ತದೆ, ಆದರೆ ಗುಂಡು ಹಾರುವ ಕ್ಷಣಕ್ಕೆ ಉರುಳೆ ತಿಜೋರಿಯ ಬಾಗಿಲಿನಂತೆ ಅಲುಗದೆ ನಿಲ್ಲುತ್ತದೆ. ಸ್ಮಿತ್ ಅಂಡ್ ವೆಸನ್ನಿನದು ಮೊದಲಿಂದ ಕೊನೆವರೆಗೆ ಒಂದೇ ಹದ, ಚೆನ್ನಾಗಿ ಎಣ್ಣೆ ಕಂಡ ರಾಟೆಯ ಹಾಗೆ. ನನ್ನ ತೀರ್ಪು ಕೇಳುವುದಾದರೆ: ತೆರೆದು ನೋಡುವ ಸುಖಕ್ಕೆ ವೆಬ್ಲಿ, ಕುಸುರಿಗೆ ಕೋಲ್ಟ್, ದಿನವಿಡೀ ಸೊಂಟದಲ್ಲಿ ಹೊತ್ತು ದುಡಿಯುವ ಪೊಲೀಸನಿಗೆ ಸ್ಮಿತ್ ಅಂಡ್ ವೆಸನ್. ಜಗತ್ತೂ ಹಾಗೇ ತೀರ್ಮಾನಿಸಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ತನ್ನ ವೆಬ್ಲಿ, ಎನ್‌ಫೀಲ್ಡ್ ಸಾಲದೆ ಸ್ಮಿತ್ ಅಂಡ್ ವೆಸನ್ ರಿವಾಲ್ವರುಗಳನ್ನು ಲಕ್ಷಗಟ್ಟಲೆ ತರಿಸಿಕೊಂಡಿತು. ಆಮೇಲೆ ಮಲೇಷ್ಯಾದ ಪೊಲೀಸರೂ ಅದೇ ಹೆಸರಿನ ರಿವಾಲ್ವರುಗಳನ್ನು ಕಾಲಕಾಲಕ್ಕೆ ಹೊತ್ತರು.

ಕಾವಲಿನ ಹಿರಿಯರೊಬ್ಬರು ಪಕ್ಕ ಬಂದು ನಿಂತರು. ಅಷ್ಟು ಹೊತ್ತು ಒಂದೇ ಪೆಟ್ಟಿಗೆ ನೋಡುವವನ ಮೇಲೆ ಅನುಮಾನ ಸಹಜ. ಅಪರಾಧ ಎಸಗುವಾಗ ಕೋವಿ ಹಾರಿಸಿದವನಿಗೆ ಮರಣದಂಡನೆಯನ್ನು 1971ರ ಕಾನೂನಿನಲ್ಲೇ ಬರೆದಿಟ್ಟ ದೇಶ ಇದು. ಅನುಮಾನ ಕಳೆಯಲು ಬೆರಳೆಣಿಸಿ, ಪುಸ್ತಕದಲ್ಲಿ ಕಲಿತ ಮಲಯದಲ್ಲಿ ‘ತೀಗಾ ರಿವಾಲ್ವರ್’ ಎಂದೆ. ಮೂರು ರಿವಾಲ್ವರ್. ಅವರು ನಕ್ಕು ತಿದ್ದಿದರು: ‘ತೀಗಾ ಪುಚುಕ್.’

ಹೋಟೆಲಿಗೆ ಬಂದು ನಿಘಂಟು ತೆರೆದೆ. ಮಲಯದಲ್ಲಿ ವಸ್ತುಗಳನ್ನು ಎಣಿಸಲು ಜಾತಿಗೊಂದು ಪದ ಬೇಕು, ನಾವು ಮನುಷ್ಯರಿಗೆ ‘ಮಂದಿ’ ಎನ್ನುವ ಹಾಗೆ. ಪಿಸ್ತೂಲು, ರಿವಾಲ್ವರಿಗೆ ‘ಪುಚುಕ್’. ಕಾಗದಕ್ಕೂ, ಅಂದರೆ ಅಂಚೆಯ ಪತ್ರಕ್ಕೂ ಅದೇ. ಪುಚುಕ್ ಎಂದರೆ ಗಿಡದ ಚಿಗುರು. ಬಂದೂಕಿಗೆ ಇವರು ಹೇಳುವ ‘ಸೆನಾಪಾಂಗ್’ ಡಚ್ಚರಿಂದ ಬಂದ ಪದ, ಅದರೊಳಗೆ ಕುಕ್ಕುವ ಹುಂಜ ಅಡಗಿದೆ. ನಮ್ಮ ಕೋವಿಯಲ್ಲಿ ಕುದುರೆ, ಡಚ್ಚರದರಲ್ಲಿ ಹುಂಜ, ಮಲಯರ ಲೆಕ್ಕದಲ್ಲಿ ಚಿಗುರು, ಕೊಡವರ ಕೋವಿಯ ಬಾಯಲ್ಲಿ ಹೂವು. ನಿಘಂಟು ಮಡಿಸಿಟ್ಟ ಮೇಲೂ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಹೋಗುವವರಿಗೆ ಒಂದು ಮಾತು. ಮ್ಯೂಸಿಯಂಗೆ ಸೋಮವಾರ ರಜೆ, ಟಿಕೆಟ್ ಇಲ್ಲ. ಮಡಿಕೇರಿಯವರಾದರೂ ಸರಿ, ಕೊಡೆ ಒಯ್ಯಿರಿ.