ಐತಾರ ಮತ್ತು ಸೀತನಿ

ನಾವು ಗಂಗಾಪುರದಲ್ಲಿದ್ದೇವೆ ಎಂದರೆ ಊರಿನ ಬಂಧುಗಳಿಗೆ ಮೊದಲು ನೆನಪಾಗುವುದು ಭೀಮಾತೀರದ ಗಾಣಗಾಪುರ. ಮರಾಠಿ ಭಕ್ತರು ಆ ದತ್ತಕ್ಷೇತ್ರವನ್ನು ಗಂಗಾಪುರವೆಂದೂ ಕರೆಯುವುದುಂಟಾದ್ದರಿಂದ ತಪ್ಪು ಬಂಧುಗಳದಲ್ಲ. ನಮ್ಮದು ನಾಸಿಕದ ಪಶ್ಚಿಮಕ್ಕಿರುವ, ಗೋದಾವರಿಗೆ ಕಟ್ಟಿದ ಮಣ್ಣಿನ ಅಣೆಕಟ್ಟಿನ ಗಂಗಾಪುರ. ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ ಮತ್ತೊಂದು ಗಂಗಾಪುರವಿದೆ; ಅದು ತಾಲ್ಲೂಕು ಕೇಂದ್ರ. ನಮ್ಮ ಅಣೆಕಟ್ಟಿನಿಂದ ಹೊರಟ ನೀರು ಆ ತಾಲ್ಲೂಕಿನ ಅಂಚನ್ನು ಸವರಿಕೊಂಡು ಜಾಯಕವಾಡಿ ಜಲಾಶಯವನ್ನು ಸೇರುತ್ತದೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಹರಡಿತ್ತೆಂದು ಕವಿರಾಜಮಾರ್ಗ ಹೇಳುತ್ತದಷ್ಟೆ. ಆ ಹಳೆಯ ಎಲ್ಲೆಯ ಮೇಲೆ ಮನೆ ಮಾಡಿದ್ದೇವೆಂದು ಹೆಮ್ಮೆಪಡುತ್ತಲೇ 2022ರ ಜೂನ್‌ನಲ್ಲಿ, ಕೇಂದ್ರ ಸರ್ಕಾರದ ನೌಕರಿಯ ಇನ್ನೊಂದು ವರ್ಗಾವಣೆಯ ಮೇಲೆ, ನಾವಿಬ್ಬರೂ ಅವ್ವನೊಡನೆ ಇಲ್ಲಿಗೆ ಬಂದಿಳಿದೆವು.

ಆ ವರ್ಷದ ಚಳಿಗಾಲದಲ್ಲಿ ಅವ್ವ ಒಂದೇ ಒಂದು ಆಸೆಯನ್ನು ಹೇಳಿಕೊಂಡಳು. "ತಮ್ಮಾ, ಸೀತನಿ ತಿನ್ನಬೇಕನಸ್ತೈತಿ." ವಿಜಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಳು ಇನ್ನೂ ಹಾಲುಗಟ್ಟುತ್ತಿರುವ ಜೋಳದ ಎಳೆಯ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬೆಲ್ಲದೊಡನೆಯೋ ಶೇಂಗಾ ಹಿಂಡಿಯೊಡನೆಯೋ ತಿನ್ನುವುದು. ಮರಾಠಿಯಲ್ಲಿ ಅದಕ್ಕೆ ಹುರಡಾ ಎನ್ನುತ್ತಾರೆ. ಪೇಟೆಯಲ್ಲಿ ಸಿಗುತ್ತದೆ, ತರೋಣವೇ ಎಂದೆವು. ಅವ್ವ ಒಪ್ಪಲಿಲ್ಲ, ಹೊಲಕ್ಕೇ ಹೋಗಬೇಕು, ಕೆಂಡದ ಮುಂದೆ ಕೂಡಬೇಕು. ಸರಿ, ಬರುವ ಐತಾರ ಹೋಗೋಣವೆಂದೆವು. ಆ ಐತಾರ ಕಚೇರಿಯ ಲೆಕ್ಕಪರಿಶೋಧನೆ ಬಂತು. ಮುಂದಿನ ಐತಾರ ನಮಗೇ ಎದ್ದು ಹೊರಡುವ ಮನಸ್ಸಾಗಲಿಲ್ಲ. ಮೂರನೆಯ ಸಲ ಅದೇ ಮಾತನ್ನು ಹೇಳಿದಾಗ ಅವ್ವ ನಕ್ಕಳು: "ಐತಾರಕ್ಕೇನೋ, ವಾರಕ್ಕೊಮ್ಮೆ ಬರ್ತೈತಿ. ಸೀತನಿ ವರ್ಷಕ್ಕೊಮ್ಮೆ." ಜನವರಿಯ ಕೊನೆಯ ವಾರದಲ್ಲಿ, ನಾಲ್ಕು ದಿನದ ಜ್ವರದಲ್ಲಿ, ಅವ್ವ ತೀರಿಕೊಂಡಳು.

ಮರುವರ್ಷದ ಚಳಿ ನಮ್ಮನ್ನು ಹಿಡಿದದ್ದು ಮೈಯಿಂದಲ್ಲ. ಮಗಳು ಓದಲೆಂದು ಧಾರವಾಡಕ್ಕೆ ಹೋಗಿದ್ದಳು. ಕಚೇರಿಯಿಂದ ಬರುವ ಹೊತ್ತಿಗೆ ಕತ್ತಲಾಗಿರುತ್ತಿತ್ತು. ಪಡಸಾಲೆಯ ದೀಪ ಹಾಕುವುದನ್ನು ಒಬ್ಬರು ಇನ್ನೊಬ್ಬರಿಗೆ ಬಿಟ್ಟು, ಇಬ್ಬರೂ ಕತ್ತಲಲ್ಲೇ ಕುಳಿತಿರುತ್ತಿದ್ದೆವು. ಎರಡು ಲೋಟ ಚಹಾ ಮೇಜಿನ ಮೇಲೆ ಆರಿ ಕೆನೆಗಟ್ಟುತ್ತಿತ್ತು. ಬೆಳಗ್ಗೆ ಏಳಲು ಕಾರಣವೇ ತೋರುತ್ತಿರಲಿಲ್ಲ.

ನಮ್ಮಲ್ಲೊಬ್ಬರು ಇಂಗ್ಲಿಷ್ ಎಂ.ಎ. ಮಾಡಿದವರು. ಪಠ್ಯದಲ್ಲಿ ಓದಿದ ಚಳಿಗಾಲವೆಲ್ಲ ಹಿಮದ್ದು, ಎಲೆಯುದುರಿದ ಮರದ್ದು, ವಾರಗಟ್ಟಲೆ ಸೂರ್ಯ ಕಾಣದ್ದು. 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ಚಳಿಗಾಲದ ಖಿನ್ನತೆಗೆ ಒಂದು ಹೆಸರು ಕೊಟ್ಟದ್ದೂ ಬೆಳಕು ತೀರ ಕುಗ್ಗುವ ಅಂಥ ನಾಡುಗಳ ಅನುಭವದಿಂದಲೇ. ನಾಸಿಕದಲ್ಲಾದರೋ ಡಿಸೆಂಬರಿನ ಅತಿ ಗಿಡ್ಡ ಹಗಲೂ ಹನ್ನೊಂದು ಗಂಟೆಗೆ ಹತ್ತಿರ. ಬೆಂಗಳೂರಿಗಿಂತ ಅರ್ಧ ಗಂಟೆಯಷ್ಟು ಕಡಿಮೆ. ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಹಾಗಾದರೆ ನಮ್ಮ ಮಬ್ಬು ಬಿಸಿಲಿನ ಕೊರತೆಯದಲ್ಲವೆಂದು ತಿಳಿಯಿತು. ಮುಂದೂಡಿದ ಮೂರು ಐತಾರಗಳು ಚಳಿಯೊಡನೆ ಮರಳಿ ಬಂದಿದ್ದವು.

ಪರಿಚಯದ ವೈದ್ಯರೊಬ್ಬರು ಎರಡು ಮಾತು ಹೇಳಿದರು. ಹೀಗೆಯೇ ವಾರಗಟ್ಟಲೆ ಮುಂದುವರಿದರೆ ಸಂಕೋಚಪಡದೆ ಚಿಕಿತ್ಸೆಗೆ ಬನ್ನಿ. ಅಲ್ಲಿಯವರೆಗೆ ದಿನವೂ ಬೆಳಗಿನ ಬಿಸಿಲಿನಲ್ಲಿ ನಡೆಯಿರಿ. ಸೋಮೇಶ್ವರದವರೆಗೆ ನದಿಯ ಬದಿಗೆ ನಡೆಯತೊಡಗಿದೆವು. ಆ ನಡಿಗೆಯಲ್ಲೇ ಒಂದು ದಿನ, ಚಳಿಗಾಲದಲ್ಲಿ ಮಾತ್ರ ಸಿಗುವ ನಮ್ಮ ಇಷ್ಟಗಳನ್ನು ಇಬ್ಬರೂ ಬೇರೆ ಬೇರೆಯಾಗಿ ಪಟ್ಟಿಮಾಡೋಣವೆಂದುಕೊಂಡೆವು. ನಿಯಮ ಒಂದೇ: ಪಟ್ಟಿಯಲ್ಲಿ ಬರೆದದ್ದನ್ನು ಒಂದು ವಾರಕ್ಕಿಂತ ಮುಂದೆ ಹಾಕುವಂತಿಲ್ಲ.

ಪಟ್ಟಿಗಳು ಹೇಳಿಕೊಳ್ಳುವಂಥವೇನಲ್ಲ. ಶುಂಠಿಯೊಡನೆ ಗವತಿ ಹುಲ್ಲು ಹಾಕಿ ಕುದಿಸಿದ ಚಹಾ. ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಎಂಟು ಗಂಟೆಗೆ ಬೀಳುವ ಬಿಸಿಲು. ಬೆಣ್ಣೆ ಹಚ್ಚಿದ ಸಜ್ಜಿ ರೊಟ್ಟಿ. ಮೊಬೈಲಿನಲ್ಲಿ ಕೇಳುವ ಧಾರವಾಡ ಆಕಾಶವಾಣಿ. ಹಳೆಯ ಸೀರೆಗಳಿಂದ ಅವ್ವ ಹೊಲಿದ ಕೌದಿ. ಅದನ್ನು ಪೆಟ್ಟಿಗೆಯಿಂದ ಹೊರತೆಗೆಯುವ ಧೈರ್ಯವೇ ನಮಗೆ ಅದುವರೆಗೆ ಬಂದಿರಲಿಲ್ಲ. ನಾಂದೂರ ಮಧ್ಯಮೇಶ್ವರದ ಹಕ್ಕಿಗಳನ್ನೂ ಬರೆದಿದ್ದೆವು. ನಿಫಾಡ ತಾಲ್ಲೂಕಿನ ಆ ಜಲಾಶಯ 2020ರಲ್ಲಿ ಮಹಾರಾಷ್ಟ್ರದ ಮೊದಲ ರಾಮ್‌ಸಾರ್ ತಾಣವಾಯಿತು. ಕಾವ್ಯಗಳಲ್ಲಿ ರಾತ್ರಿಯಿಡೀ ಜೊತೆಯನ್ನಗಲಿ ಗೋಳಿಡುವ ಚಕ್ರವಾಕವನ್ನು ನಾವು ಮೊದಲು ಕಣ್ಣಾರೆ ಕಂಡದ್ದು ಅಲ್ಲಿ, ಹಾಡುಹಗಲಲ್ಲಿ, ಜೋಡಿಯಾಗಿ ಕೆಸರು ಕೆದಕುತ್ತಿದ್ದಾಗ. ಆ ದಿನ ಬಹಳ ತಿಂಗಳ ಮೇಲೆ ಇಬ್ಬರೂ ಒಟ್ಟಿಗೆ ನಕ್ಕೆವು.

ನಸುಕಿನಲ್ಲೇ ಅಲ್ಲಿಗೆ ಹೊರಟಾಗ ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳಲ್ಲಿ ಅಲ್ಲಲ್ಲಿ ಬೆಂಕಿ ಕಾಣುತ್ತಿತ್ತು. ಜಿಲ್ಲೆಯಲ್ಲೇ ಹೆಚ್ಚು ಚಳಿಗೆ ಹೆಸರಾದ ನಿಫಾಡದಲ್ಲಿ ಪಾರಾ ತೀರ ಇಳಿದಾಗ ರೈತರು ಬಳ್ಳಿಗಳ ಸಾಲುಗಳ ನಡುವೆ ಕಸಕಡ್ಡಿ ಉರಿಸಿ ಕಾವು, ಹೊಗೆ ಎಬ್ಬಿಸುತ್ತಾರೆ. ಅಷ್ಟು ಸಣ್ಣ ಬೆಂಕಿಯಿಂದ ಚಳಿ ಹೋಗುವುದಿಲ್ಲ. ಸೂರ್ಯ ಮೇಲೇರುವ ತನಕ ಕಾಯಿಗೆ ಏಟು ತಗಲದಿದ್ದರೆ ಸಾಕೆಂಬುದು ಅವರ ಲೆಕ್ಕ. ನಮ್ಮ ಪಟ್ಟಿಯಿಂದಲೂ ಅದಕ್ಕಿಂತ ಹೆಚ್ಚಿನದನ್ನು ಬಯಸುವುದು ಬೇಡವೆನ್ನಿಸಿತು.

ಇಬ್ಬರ ಪಟ್ಟಿಯಲ್ಲೂ ಕೊನೆಗೆ ಬರೆದ ಹೆಸರು ಒಂದೇ ಆಗಿತ್ತು. ಮಾತಾಡಿಕೊಂಡು ಬರೆದದ್ದಲ್ಲ. ಜನವರಿಯ ಒಂದು ಐತಾರ ಬೆಳಗ್ಗೆ ಯೇವಲೆ, ವೈಜಾಪುರಗಳನ್ನು ದಾಟಿ ಆ ಇನ್ನೊಂದು ಗಂಗಾಪುರದ ಕಡೆಗೆ ಹೊರಟೆವು. ಸಹೋದ್ಯೋಗಿಯೊಬ್ಬರ ಸೋದರಮಾವನ ಹೊಲ ಅಲ್ಲಿತ್ತು. ಕಪ್ಪು ನೆಲದಲ್ಲಿ ಎದೆಯೆತ್ತರದ ಜೋಳ, ಬದುವಿನ ಬಳಿ ತೋಡಿದ ಸಣ್ಣ ಕುಣಿ, ಅದರಲ್ಲಿ ಕುಳ್ಳಿನ ಕೆಂಡ. ಮನೆಯ ಹಿರಿಯಾಕೆ ಸುಟ್ಟ ತೆನೆಯನ್ನು ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ನಮ್ಮ ಅಂಗೈಗೆ ಸುರಿದು, "ಖಾ, ಗರಮ್ ಆಹೆ" ಎಂದರು. ಬಾಯಿಗೆ ಹಾಕಿಕೊಂಡೆವು. ಒಂದಿಷ್ಟು ಹೊತ್ತು ಇಬ್ಬರಿಗೂ ಮಾತು ಹೊರಡಲಿಲ್ಲ. ಆಕೆ ಅದನ್ನು ಬಿಸಿಯ ಕಾರಣವೆಂದುಕೊಂಡು ನೀರು ತರಲು ಎದ್ದರು.

ಉಳಿದದ್ದನ್ನು ಕಟ್ಟಿಕೊಟ್ಟರು. ಸಂಜೆ ಮನೆಗೆ ಬಂದು ಅವ್ವನ ಪಟದ ಮುಂದಿಟ್ಟು ಎರಡು ಕಾಳು ಬಾಯಿಗೆ ಹಾಕಿಕೊಂಡರೆ, ಆರಿ ಗಡುಸಾಗಿತ್ತು, ಸಿಹಿಯೂ ಇಳಿದಿತ್ತು. ಪೇಟೆಯದು ಬೇಡ, ಹೊಲಕ್ಕೇ ಹೋಗಬೇಕೆಂದು ಅವ್ವ ಹಟ ಹಿಡಿದದ್ದೇಕೆಂದು ಆಗ ಗೊತ್ತಾಯಿತು. ಆ ರಾತ್ರಿ ಅವ್ವನ ಕೌದಿಯನ್ನು ಪೆಟ್ಟಿಗೆಯಿಂದ ತೆಗೆದು ಹೊದ್ದೆವು.

ಈಗಲೂ ಚಳಿಗಾಲ ಬಂದರೆ ಮನಸ್ಸು ಒಂದಿಷ್ಟು ಕುಗ್ಗುತ್ತದೆ. ಆದರೆ ಪಡಸಾಲೆಯ ದೀಪವನ್ನು ಮೊದಲು ಬಂದವರು ಹಾಕುತ್ತೇವೆ. ಹೊಸ ವರ್ಷದ ಕ್ಯಾಲೆಂಡರ್ ಮನೆಗೆ ಬಂದ ದಿನವೇ ಜನವರಿಯ ಒಂದು ಐತಾರಕ್ಕೆ ಗುರುತು ಹಾಕುತ್ತೇವೆ. ಅದರ ಮುಂದಿನ ಐತಾರಕ್ಕೆ ಏನನ್ನೂ ಬರೆಯುವುದಿಲ್ಲ.